ಕರೆಯದೆ ಬರಬೇಕಿತ್ತು, ಕರೆದಿದ್ದರೆ ಬರುತ್ತಿದ್ದೆ: ಫ್ರಾಯ್ಡ್ ಮತ್ತು ಯುಂಗ್ ಮಾತು ಬಿಟ್ಟ ಪ್ರಕರಣ

ಮೀಟಿಂಗಿನಲ್ಲಿ ಯಾರಾದರೂ ಬಾಯಿ ಬಿಡದೆ ಕೂತರೆ ಸಾಕು, "ಅವರು ಇಂಟ್ರೊವರ್ಟ್, ಬಿಡಿ" ಅಂತ ಮಾತು ಮುಗಿಸಿಬಿಡುತ್ತೇವೆ. ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ಟ್ರೈನಿಂಗ್ ಹೆಸರಲ್ಲಿ ಪರ್ಸನಾಲಿಟಿ ಟೆಸ್ಟ್ ಮಾಡಿಸಿ ಎಲ್ಲರಿಗೂ ನಾಲ್ಕಕ್ಷರದ ಗುರುತು ಹಚ್ಚುತ್ತಾರೆ. ಹುಡುಗ ಹುಡುಗಿಯರು ಪ್ರೊಫೈಲಿನಲ್ಲೂ ಅದನ್ನೇ ಹಾಕಿಕೊಳ್ಳುತ್ತಾರೆ. ಈ ಅಂತರ್ಮುಖಿ, ಬಹಿರ್ಮುಖಿ ಅನ್ನುವ ವಿಂಗಡಣೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಒಂದು ಜಗಳ ಸಿಗುತ್ತದೆ. ಮನಸ್ಸನ್ನು ಓದುವುದೇ ಕಸುಬಾಗಿದ್ದ ಇಬ್ಬರು ಡಾಕ್ಟರುಗಳು, ಒಬ್ಬರನ್ನೊಬ್ಬರು ತುಂಬಾ ಹಚ್ಚಿಕೊಂಡಿದ್ದವರು, ಒಂದು ವಾರಾಂತ್ಯದ ಭೇಟಿ ತಪ್ಪಿದ್ದಕ್ಕೆ ಮುನಿಸಿಕೊಂಡರು, ಏಳೆಂಟು ತಿಂಗಳಲ್ಲಿ ಸಂಬಂಧವನ್ನೇ ಕಡಿದುಕೊಂಡರು. ಸಿಗ್ಮಂಡ್ ಫ್ರಾಯ್ಡ್ ಮತ್ತು ಕಾರ್ಲ್ ಗುಸ್ತಾಫ್ ಯುಂಗ್.

ಇವರ ಸಿದ್ಧಾಂತದ ಜಗಳದ ಬಗ್ಗೆ ಬರೆದದ್ದು ಬೇಕಾದಷ್ಟಿದೆ. ಲೈಂಗಿಕತೆಗೆ ಎಷ್ಟು ಮಹತ್ವ ಕೊಡಬೇಕು, ಪುರಾಣಗಳನ್ನು ಹೇಗೆ ಓದಬೇಕು, ಧರ್ಮ ಅಂದರೆ ಏನು, ಇತ್ಯಾದಿ. ಅದೆಲ್ಲ ನಿಜ. ಆದರೆ ಇವರಿಬ್ಬರ ಪತ್ರಗಳನ್ನು ಓದಿದರೆ ಇನ್ನೊಂದು ವಿಷಯ ಎದ್ದು ಕಾಣುತ್ತದೆ. ಸ್ವಭಾವ ಬೇರೆ ಬೇರೆ ಇದ್ದದ್ದು ಇವರನ್ನು ಒಡೆಯಲಿಲ್ಲ. ಕೇಳಬೇಕಾದ ಕಡೆ ಕೇಳದೆ, ಎದುರಿನವರ ಮನಸ್ಸು ನನಗೆ ಗೊತ್ತು ಅಂತ ತಾವೇ ಅರ್ಥ ಕಟ್ಟಿಕೊಂಡರಲ್ಲ, ಅದು ಒಡೆಯಿತು. ಇಲ್ಲಿ ನಾನು ಆ ವಾರಾಂತ್ಯವನ್ನೇ ಇಟ್ಟುಕೊಂಡು ಪ್ರಕರಣವನ್ನು ಬಿಡಿಸಿ ನೋಡುತ್ತೇನೆ. ಸುಮಾರು 360 ಪತ್ರಗಳು ಉಳಿದಿವೆ, 1974ರಲ್ಲಿ ಅಚ್ಚಾದವು. ಹಾಗಾಗಿ ಯಾರು ಯಾವತ್ತು ಏನು ಬರೆದರು ಅನ್ನುವುದಕ್ಕೆ ಊಹೆಯ ಅಗತ್ಯ ಅಷ್ಟಾಗಿ ಇಲ್ಲ.

ಇಬ್ಬರು

ಫ್ರಾಯ್ಡ್ ಹುಟ್ಟಿದ್ದು 1856ರಲ್ಲಿ, ಯುಂಗ್ 1875ರಲ್ಲಿ. ಹತ್ತೊಂಬತ್ತು ವರ್ಷದ ಅಂತರ. ಫ್ರಾಯ್ಡ್ ವಿಯೆನ್ನಾದ ಯಹೂದಿ ಡಾಕ್ಟರ್, ಊರಿನ ವೈದ್ಯರು ಇನ್ನೂ ಪೂರ್ತಿ ಒಪ್ಪಿಕೊಳ್ಳದ ಮನೋವಿಶ್ಲೇಷಣೆ ಅನ್ನುವ ಹೊಸ ವಿದ್ಯೆಯ ಯಜಮಾನ. ಯುಂಗ್ ಸ್ವಿಟ್ಜರ್ಲೆಂಡಿನ ಪಾದ್ರಿಯ ಮಗ, ಜ್ಯೂರಿಕ್‌ನ ಬುರ್ಗ್‌ಹೋಲ್ಜ್‌ಲಿ ಮಾನಸಿಕ ಆಸ್ಪತ್ರೆಯಲ್ಲಿ ಹೆಸರು ಮಾಡಿದ ಯುವ ಡಾಕ್ಟರ್. 1906ರಲ್ಲಿ ಪತ್ರ ಶುರುವಾಯಿತು. 1907ರ ಮಾರ್ಚ್ 3ರಂದು ಯುಂಗ್ ವಿಯೆನ್ನಾಕ್ಕೆ ಹೋಗಿ ಫ್ರಾಯ್ಡ್ ಮನೆಯ ಬಾಗಿಲು ತಟ್ಟಿದರು. ಹದಿಮೂರು ಗಂಟೆ ಮಾತಾಡಿದೆವು ಅಂತ ಯುಂಗ್ ಆಮೇಲೆ ನೆನಪಿಸಿಕೊಂಡಿದ್ದಾರೆ.

ಆ ದಿನದ ಒಂದು ವಿವರ ಗಮನಿಸಿ. ಮೊದಲ ಮೂರು ಗಂಟೆ ಯುಂಗ್ ಒಬ್ಬರೇ ಒಂದೇ ಸಮನೆ ಮಾತಾಡಿದರು. ತಲೆಯಲ್ಲಿದ್ದದ್ದನ್ನೆಲ್ಲ ಸುರಿದರು. ಫ್ರಾಯ್ಡ್ ತಾಳ್ಮೆಯಿಂದ ಕೇಳಿ, ಕೊನೆಗೆ ತಡೆದು, ಇದನ್ನೆಲ್ಲ ಸ್ವಲ್ಪ ಕ್ರಮವಾಗಿ ಚರ್ಚೆ ಮಾಡೋಣ ಅಂದರು. ಅಷ್ಟು ಹೊತ್ತು ಯುಂಗ್ ಹೇಳಿದ್ದನ್ನು ಬೇರೆ ಬೇರೆ ತಲೆಬರಹದ ಕೆಳಗೆ ಜೋಡಿಸಿ ಮುಂದಿಟ್ಟರು. ಯುಂಗ್ ಬೆರಗಾದರು. ಒಬ್ಬರದು ಉಕ್ಕುವ ಮನಸ್ಸು, ಇನ್ನೊಬ್ಬರದು ಅಚ್ಚುಕಟ್ಟು ಮಾಡುವ ಮನಸ್ಸು. ಆ ದಿನ ಈ ವ್ಯತ್ಯಾಸ ಇಬ್ಬರಿಗೂ ಖುಷಿ ಕೊಟ್ಟಿತು, ಒಬ್ಬರಿಗೊಬ್ಬರು ಪೂರಕ ಅನ್ನಿಸಿತು. ಅದೇ ವ್ಯತ್ಯಾಸ ಐದು ವರ್ಷದ ನಂತರ ದೋಷವಾಗಿ ಕಂಡಿತು. ಅಷ್ಟರಲ್ಲಿ ಇಬ್ಬರ ಸ್ವಭಾವವೇನೂ ಬದಲಾಗಿರಲಿಲ್ಲ.

ಮಧ್ಯದ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1909ರ ಏಪ್ರಿಲ್‌ನಲ್ಲಿ ಫ್ರಾಯ್ಡ್ ಒಂದು ಪತ್ರದಲ್ಲಿ ಯುಂಗ್ ಅವರನ್ನು ಹಿರಿಯ ಮಗ, ಉತ್ತರಾಧಿಕಾರಿ, ಯುವರಾಜ ಅಂತ ಕರೆದರು. ಅದೇ ವರ್ಷ ಇಬ್ಬರೂ ಹಡಗು ಹತ್ತಿ ಅಮೆರಿಕಕ್ಕೆ ಉಪನ್ಯಾಸ ಕೊಡಲು ಹೋದರು. ದಾರಿಯುದ್ದಕ್ಕೂ ಒಬ್ಬರ ಕನಸನ್ನು ಇನ್ನೊಬ್ಬರು ಬಿಡಿಸುತ್ತಿದ್ದರು. ಒಮ್ಮೆ ಫ್ರಾಯ್ಡ್ ಅವರ ಕನಸಿನ ಬಗ್ಗೆ ಯುಂಗ್ ಇನ್ನಷ್ಟು ಖಾಸಗಿ ವಿವರ ಕೇಳಿದಾಗ, ನನ್ನ ಅಧಿಕಾರವನ್ನು ಪಣಕ್ಕಿಡಲಾರೆ ಅಂತ ಫ್ರಾಯ್ಡ್ ಹೇಳಿದರಂತೆ. ಇದು ಯುಂಗ್ ತಮ್ಮ ನೆನಪುಗಳಲ್ಲಿ ಹೇಳಿದ ಮಾತು, ಆ ಕ್ಷಣವೇ ನನ್ನೊಳಗೆ ಏನೋ ಮುರಿಯಿತು ಅನ್ನುವ ಧಾಟಿಯಲ್ಲಿ. ಫ್ರಾಯ್ಡ್ ಕಡೆಯ ಕಥೆ ನಮಗೆ ಸಿಕ್ಕಿಲ್ಲ. 1910ರಲ್ಲಿ ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘ ಹುಟ್ಟಿತು, ಯುಂಗ್ ಅದರ ಮೊದಲ ಅಧ್ಯಕ್ಷರಾದರು.

ಉತ್ತರ ತಡವಾದರೆ

ಫ್ರಾಯ್ಡ್ ಪತ್ರಕ್ಕೆ ತಡಮಾಡದೆ ಉತ್ತರ ಬರೆಯುವ ಮನುಷ್ಯ. ಹಗಲೆಲ್ಲ ರೋಗಿಗಳನ್ನು ನೋಡಿ ರಾತ್ರಿ ಕೂತು ಬರೆಯುತ್ತಿದ್ದರು. ಎದುರಿನಿಂದ ಉತ್ತರ ಬರುವುದು ತಡವಾದರೆ ಚಡಪಡಿಸುತ್ತಿದ್ದರು. ಯುಂಗ್ ಹಾಗಲ್ಲ. ಏನೋ ಒಂದು ವಿಷಯ ತಲೆಗೆ ಹೊಕ್ಕರೆ ವಾರಗಟ್ಟಲೆ ಅದರಲ್ಲೇ ಮುಳುಗಿರುತ್ತಿದ್ದರು, ಪತ್ರ ಹಾಗೇ ಬಿದ್ದಿರುತ್ತಿತ್ತು. 1911ರಲ್ಲಿ, 12ರಲ್ಲಿ ಅವರು ಪುರಾಣಗಳ ಮೇಲೆ ಒಂದು ದೊಡ್ಡ ಪುಸ್ತಕ ಬರೆಯುತ್ತಿದ್ದರು. ಮನಸ್ಸನ್ನು ನಡೆಸುವ ಲಿಬಿಡೊ ಅನ್ನುವ ಶಕ್ತಿ ಬರೀ ಲೈಂಗಿಕವಲ್ಲ ಅಂತ ಫ್ರಾಯ್ಡ್ ಅವರಿಂದ ದೂರ ಸರಿದದ್ದು ಆ ಪುಸ್ತಕದಲ್ಲೇ. ಬರೆಯಲು ಅವರಿಗೆ ಏಕಾಂತ ಬೇಕಿತ್ತು. ಬರೆಯುತ್ತಿರುವುದನ್ನು ಫ್ರಾಯ್ಡ್ ಹೇಗೆ ತೆಗೆದುಕೊಳ್ಳುತ್ತಾರೋ ಅನ್ನುವ ಭಯವೂ ಇತ್ತು.

ಈ ಮೌನವನ್ನು ಫ್ರಾಯ್ಡ್ ಪ್ರೀತಿ ಕಡಿಮೆಯಾದ ಲಕ್ಷಣ ಅಂತ ಓದಿದರು. 1912ರ ಫೆಬ್ರವರಿ ಕೊನೆಯಲ್ಲಿ ಅವರು ಯುಂಗ್‌ಗೆ ಬರೆದದ್ದು ಇಂದಿಗೂ ಓದುವವರಿಗೆ ಚುರುಕ್ ಅನ್ನಿಸುತ್ತದೆ. ನಿಮ್ಮ ಪತ್ರಕ್ಕೆ ನಾನು ಕಾತರದಿಂದ ಕಾಯುತ್ತಿದ್ದೆ, ಈಗ ಆ ಅಭ್ಯಾಸ ಬಿಟ್ಟಿದ್ದೇನೆ ಅನ್ನುವ ಅರ್ಥದ ಮಾತು. ದೂರು ಹೌದು, ಆದರೆ ದೂರಿನಂತೆ ಕೊಟ್ಟಿಲ್ಲ. ನೋವನ್ನು ಹೇಳಿ, ಕೂಡಲೇ ಅದನ್ನು ಗೆದ್ದೆ ಅಂತಲೂ ಹೇಳಿಬಿಟ್ಟರೆ ಎದುರಿನವರು ಏನು ಮಾಡಬೇಕು? ಯುಂಗ್ ಕೊಟ್ಟ ಉತ್ತರ ಇನ್ನೂ ಬಿಗಿ. ಶಿಷ್ಯ ಕೊನೆತನಕ ಶಿಷ್ಯನಾಗಿಯೇ ಉಳಿದರೆ ಅದು ಗುರುವಿಗೆ ಮಾಡುವ ಉಪಕಾರವಲ್ಲ ಅನ್ನುವ ಜರ್ಮನ್ ತತ್ವಜ್ಞಾನಿ ನೀಚೆಯ ಮಾತನ್ನು ಎತ್ತಿ ಬರೆದರು. ಫ್ರಾಯ್ಡ್ ಕೇಳಿದ್ದು "ನಾನು ಬೇಕಾ?" ಅಂತ. ಯುಂಗ್ ಉತ್ತರ ಕೊಟ್ಟದ್ದು "ನಾನು ಸ್ವತಂತ್ರನಾ?" ಅನ್ನುವ ಪ್ರಶ್ನೆಗೆ.

ಇವರ ನಡುವೆ ಒಬ್ಬರು ಮಾತ್ರ ಸರಿಯಾಗಿ ಮಾತಾಡಿದರು ಅಂತ ನನ್ನ ಗಟ್ಟಿ ಅಭಿಪ್ರಾಯ. ಎಮ್ಮಾ ಯುಂಗ್. ಕಾರ್ಲ್ ಅವರ ಹೆಂಡತಿ, ಆಗ ಅವರಿಗೆ 29 ವರ್ಷ. 1911ರ ಅಕ್ಟೋಬರ್ ಕೊನೆಗೆ, ಗಂಡನಿಗೆ ಹೇಳದೆ, ಅವರು ಫ್ರಾಯ್ಡ್‌ಗೆ ನೇರವಾಗಿ ಪತ್ರ ಬರೆದರು. ನಿಮ್ಮ ಮತ್ತು ನನ್ನ ಗಂಡನ ನಡುವೆ ಏನೋ ಸರಿಯಿಲ್ಲ ಅಂತ ನನಗೆ ಅನ್ನಿಸುತ್ತಿದೆ, ಹಾಗಾಗಬಾರದು, ನನ್ನ ಕೈಲಾದದ್ದನ್ನು ಮಾಡುತ್ತೇನೆ ಅಂದರು. ನವೆಂಬರ್ 6ರ ಪತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಾರ್ಲ್ ಬಗ್ಗೆ ಅಪ್ಪನಂತೆ ಯೋಚಿಸಬೇಡಿ, ಅವನು ಬೆಳೆಯಬೇಕು ನಾನು ಕುಗ್ಗಬೇಕು ಅಂತ ಅಂದುಕೊಳ್ಳಬೇಡಿ, ನಿಮ್ಮ ಹಾಗೆಯೇ ತನ್ನದೇ ದಾರಿ ಹಿಡಿದು ನಡೆಯಬೇಕಾದ ಇನ್ನೊಬ್ಬ ಮನುಷ್ಯ ಅಂತ ಯೋಚಿಸಿ ಅಂತ ಬರೆದರು. ಆ ವಯಸ್ಸಿನ ಒಬ್ಬ ಹೆಣ್ಣುಮಗಳು, ಯೂರೋಪಿನಲ್ಲೇ ಹೆಸರಾದ ಮನೋವೈದ್ಯನಿಗೆ, ಇಷ್ಟು ಮರ್ಯಾದೆಯಿಂದ, ಇಷ್ಟು ನೇರವಾಗಿ ಬರೆದಳು. ಎಮ್ಮಾ ಪತ್ರದಲ್ಲಿ ಫ್ರಾಯ್ಡ್ ಅವರ ಮೇಲೆ ಯಾವ ರೋಗದ ಹೆಸರನ್ನೂ ಹೊರಿಸಿಲ್ಲ. ನನಗೆ ಹೀಗೆ ಅನ್ನಿಸುತ್ತಿದೆ ಅಂತ ಹೇಳಿ, ನಿಜವೋ ಸುಳ್ಳೋ ನೀವೇ ಹೇಳಿ ಅನ್ನುವ ಜಾಗವನ್ನು ಬಿಟ್ಟಿದ್ದಾರೆ. ಆ ಸಲಹೆ ಕೆಲಸಕ್ಕೆ ಬರಲಿಲ್ಲ. ಬಂದಿದ್ದರೆ ಮುಂದಿನ ಮೇ ತಿಂಗಳು ಬೇರೆ ಥರ ಆಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

1912ರ ಮೇ, ಕ್ರೊಯ್ಟ್ಸ್‌ಲಿಂಗನ್

ಈಗ ಮುಖ್ಯ ಘಟನೆಗೆ ಬರೋಣ. ಕ್ರೊಯ್ಟ್ಸ್‌ಲಿಂಗನ್ ಅನ್ನುವುದು ಸ್ವಿಟ್ಜರ್ಲೆಂಡಿನ ಗಡಿಯ ಊರು, ಕಾನ್‌ಸ್ಟನ್ಸ್ ಸರೋವರದ ದಡದಲ್ಲಿದೆ. ಅಲ್ಲಿ ಲುಡ್ವಿಗ್ ಬಿನ್ಸ್‌ವಾಂಗರ್ ಅನ್ನುವ ಮನೋವೈದ್ಯರು ತಮ್ಮ ಮನೆತನದ ಆಸ್ಪತ್ರೆ ನಡೆಸುತ್ತಿದ್ದರು. 1907ರಲ್ಲಿ ಯುಂಗ್ ಮೊದಲ ಸಲ ಫ್ರಾಯ್ಡ್ ಮನೆಗೆ ಹೋದಾಗ ಜೊತೆಗಿದ್ದವರು ಇದೇ ಬಿನ್ಸ್‌ವಾಂಗರ್. ಕ್ರೊಯ್ಟ್ಸ್‌ಲಿಂಗನ್‌ನಿಂದ ಯುಂಗ್ ಇದ್ದ, ಜ್ಯೂರಿಕ್ ಪಕ್ಕದ ಕ್ಯುಸ್ನಾಖ್ಟ್‌ಗೆ ಸುಮಾರು 60 ಕಿಲೋಮೀಟರ್.

ಮೇ 23, ಗುರುವಾರ. ಫ್ರಾಯ್ಡ್ ಯುಂಗ್‌ಗೆ ಪತ್ರ ಬರೆಯುತ್ತಾರೆ. ಸಿದ್ಧಾಂತದ ಚರ್ಚೆಯ ಜೊತೆಗೆ, ಈ ವಾರಾಂತ್ಯ ಬಿನ್ಸ್‌ವಾಂಗರ್‌ರನ್ನು ನೋಡಲು ಹೋಗುತ್ತಿದ್ದೇನೆ ಅನ್ನುವ ಸುದ್ದಿ ಕೊಡುತ್ತಾರೆ. ನೀವೂ ಬನ್ನಿ ಅಂತ ಕರೆಯುವುದಿಲ್ಲ. ಯಾಕೆ ಹೀಗೆ ಅವಸರದಲ್ಲಿ ಹೊರಟಿದ್ದೇನೆ ಅಂತಲೂ ಹೇಳುವುದಿಲ್ಲ. ಶನಿವಾರ ಮಧ್ಯಾಹ್ನ ಅಲ್ಲಿ ತಲುಪಿ, ಸೋಮವಾರ ಮಧ್ಯಾಹ್ನ ಹೊರಡುತ್ತಾರೆ. ಎರಡು ದಿನ ಯುಂಗ್ ಬರಬಹುದು ಅಂತ ಕಾಯುತ್ತಾರೆ. ಯುಂಗ್ ಬರಲಿಲ್ಲ, ಸುದ್ದಿಯೂ ಇಲ್ಲ.

ಯುಂಗ್ ಆ ವಾರಾಂತ್ಯ ಮನೆಯಲ್ಲೇ ಇರಲಿಲ್ಲ, ಬೇರೆ ಕಡೆ ಹೋಗಿದ್ದರು. ಸೋಮವಾರ ಪತ್ರ ಕೈಗೆ ಸಿಕ್ಕಿದಾಗ ಅವರಿಗೆ ಅನ್ನಿಸಿದ್ದು ಬೇರೆ. ಇಷ್ಟು ಹತ್ತಿರ ಬಂದೂ ನನ್ನನ್ನು ನೋಡುವುದು ಬೇಡವಾಯಿತು, ಬರುವ ಸುದ್ದಿಯನ್ನೂ ನನಗೆ ತಡವಾಗಿ ಸಿಗುವ ಹಾಗೆ ಕಳಿಸಿದರು. ಜೂನ್ 8ರ ಪತ್ರದಲ್ಲಿ ಅವರು ಕೇಳಲಿಲ್ಲ, ತೀರ್ಪನ್ನೇ ಕೊಟ್ಟರು: ನನ್ನ ಲಿಬಿಡೊ ಸಿದ್ಧಾಂತ ನಿಮಗೆ ಹಿಡಿಸದೆ ಇರುವುದೇ ಇದಕ್ಕೆ ಕಾರಣ ಇರಬೇಕು ಅಂತ.

ಫ್ರಾಯ್ಡ್ ಜೂನ್ 13ಕ್ಕೆ ಉತ್ತರಿಸಿದರು. ಇದ್ದದ್ದು ಎರಡೇ ದಿನ, ಜ್ಯೂರಿಕ್‌ಗೆ ಹೋಗಿ ಬರಲು ಸಮಯವೇ ಇರಲಿಲ್ಲ ಅಂದರು. ಇನ್ನೂ ಒಂದು ಮಾತು ಸೇರಿಸಿದರು. ಹಬ್ಬದ ರಜೆಯನ್ನು ಹೀಗೆ ಕಳೆಯಿರಿ ಅಂತ ಯಾರನ್ನೂ ಕೇಳುವುದು ಸರಿಯಲ್ಲ, ಅವರಿಗೆ ಬೇರೆ ಕೆಲಸ ಇರಬಹುದು, ವಿಶ್ರಾಂತಿ ಬೇಕಿರಬಹುದು, ಆದರೆ ನಿಮಗೇ ಬರಬೇಕು ಅಂತ ಅನ್ನಿಸಿದ್ದರೆ ನನಗೆ ಸಂತೋಷವಾಗುತ್ತಿತ್ತು.

ಈ ಪ್ರಕರಣದ ತಿರುಳು ಇಲ್ಲೇ ಇದೆ ಅನ್ನುತ್ತೇನೆ ನಾನು. ನಮ್ಮ ಊರುಗಳಲ್ಲಿ ಮದುವೆ ಮನೆಯಲ್ಲಿ ಎಷ್ಟು ಸಲ ಇದೇ ಆಗಿಲ್ಲ ಹೇಳಿ. ಒಬ್ಬ ದೊಡ್ಡಪ್ಪ "ನಮ್ಮವರನ್ನು ಕರೆಯೋದೇನು, ತಾವಾಗೇ ಬರಬೇಕು" ಅಂತ ಅಂದುಕೊಂಡಿರುತ್ತಾರೆ. ಆ ಕಡೆ ತಮ್ಮನ ಮಗ "ಒಂದು ಮಾತು ಕರೆದಿದ್ದರೆ ಓಡಿ ಬರುತ್ತಿದ್ದೆ" ಅಂತ ಕೂತಿರುತ್ತಾನೆ. ಇಬ್ಬರಿಗೂ ಪ್ರೀತಿ ಇದೆ, ಇಬ್ಬರಿಗೂ ಅವಮಾನವಾಗಿದೆ. ಹೇಳದೆ ತಿಳಿದುಕೊಂಡರೆ ಮಾತ್ರ ಅದು ಪ್ರೀತಿ ಅನ್ನುವವರು ಒಂದು ಜಾತಿ, ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ನಿಜ ಅನ್ನುವವರು ಇನ್ನೊಂದು. ಫ್ರಾಯ್ಡ್ ಮೊದಲನೆಯವರು. ಯುಂಗ್ ಎರಡನೆಯವರು, ಆದರೆ ಅವರೂ ಕೇಳುವ ಬದಲು ತಾವೇ ಕಾರಣ ಹುಡುಕಿ ಹೊರಿಸಿಬಿಟ್ಟರು.

ಯುಂಗ್‌ಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಬಿನ್ಸ್‌ವಾಂಗರ್‌ಗೆ ಆ ವರ್ಷ ಶಸ್ತ್ರಚಿಕಿತ್ಸೆ ಆಗಿತ್ತು, ಮಾರಕ ಗಡ್ಡೆ ಪತ್ತೆಯಾಗಿತ್ತು. ಹೆಚ್ಚು ದಿನ ಬದುಕುವುದಿಲ್ಲ ಅನ್ನುವ ಭಯ. ಇದನ್ನು ಫ್ರಾಯ್ಡ್‌ಗೆ ತಿಳಿಸಿ, ಯಾರಿಗೂ ಹೇಳಬೇಡಿ ಅಂತ ಬೇಡಿಕೊಂಡಿದ್ದರು. ಫ್ರಾಯ್ಡ್ ಓಡಿ ಹೋದದ್ದು ಅದಕ್ಕೆ. ಮಾತು ಕೊಟ್ಟಿದ್ದರಿಂದ ಕಾರಣ ಹೇಳುವ ಹಾಗಿರಲಿಲ್ಲ. ಬಿನ್ಸ್‌ವಾಂಗರ್ ಆಮೇಲೆ 1966ರವರೆಗೆ ಬದುಕಿದರು, ಅದು ಬೇರೆ ವಿಷಯ. ಯುಂಗ್ ಕಟ್ಟಿಕೊಂಡ ವಿವರಣೆ ಎಷ್ಟು ಜಾಣತನದ್ದಾಗಿತ್ತೋ ಅಷ್ಟೇ ತಪ್ಪಾಗಿತ್ತು. ಮೂರನೆಯವರ ಕಾಯಿಲೆ ಅವರ ಲೆಕ್ಕದಲ್ಲೇ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಬೇರೆಯವರ ನಡತೆಗೆ ನಾವು ಕಾರಣ ಕೊಡುವಾಗ ನಮ್ಮನ್ನೇ ಮಧ್ಯದಲ್ಲಿಟ್ಟು ಕೊಡುತ್ತೇವೆ ಅಲ್ವಾ. ಮನೋವೈದ್ಯರೂ ಹಾಗೇ ಮಾಡಿದರು.

ಜುಲೈನಲ್ಲಿ ಯುಂಗ್ ಬರೆದದ್ದು ಒಂದೇ ಸಾಲಿನ ಏಟು: ಈಗ ನನಗೆ ಕ್ರೊಯ್ಟ್ಸ್‌ಲಿಂಗನ್ ಸನ್ನೆ ಅರ್ಥವಾಯಿತು ಅಂತ. ಅಲ್ಲಿಂದ ಮುಂದೆ ಅದಕ್ಕೆ ಅದೇ ಹೆಸರಾಯಿತು. ಒಂದು ತಪ್ಪಿದ ಭೇಟಿಗೆ ಹೆಸರಿಟ್ಟ ಮೇಲೆ ಅದನ್ನು ವಾಪಸ್ ತೆಗೆದುಕೊಳ್ಳುವುದು ಕಷ್ಟ. ಆ ಶರತ್ಕಾಲದಲ್ಲಿ ಯುಂಗ್ ನ್ಯೂಯಾರ್ಕಿಗೆ ಹೋಗಿ ಉಪನ್ಯಾಸ ಕೊಟ್ಟು ಬಂದು, ನವೆಂಬರ್ 11ರಂದು ಫ್ರಾಯ್ಡ್‌ಗೆ ಬರೆದರು. ಆ ಸನ್ನೆಯ ಗಾಯ ಇನ್ನೂ ಆರಿಲ್ಲ, ನನಗೆ ನೇರವಾಗಿ ಎದುರಿಗೆ ಮಾತಾಡುವುದೇ ಇಷ್ಟ ಅಂತ. ಫ್ರಾಯ್ಡ್ ಉತ್ತರದಲ್ಲಿ "ಪ್ರಿಯ ಮಿತ್ರ" ಅನ್ನುವ ಸಂಬೋಧನೆ ಹೋಗಿ "ಪ್ರಿಯ ಡಾಕ್ಟರ್" ಆಗಿತ್ತು.

ಮ್ಯೂನಿಕ್‌ನ ಊಟ

ನವೆಂಬರ್ 24ರಂದು ಸಂಘದ ಪತ್ರಿಕೆಯ ವಿಷಯಕ್ಕೆ ಕೆಲವರು ಮ್ಯೂನಿಕ್‌ನಲ್ಲಿ ಸೇರಿದರು. ಊಟಕ್ಕೆ ಮುಂಚೆ ಫ್ರಾಯ್ಡ್ ಮತ್ತು ಯುಂಗ್ ಇಬ್ಬರೇ ಎರಡು ಗಂಟೆ ವಾಕಿಂಗ್ ಹೋದರು. ಕೊನೆಗೂ ಕ್ರೊಯ್ಟ್ಸ್‌ಲಿಂಗನ್ ವಿಷಯ ಬಾಯಿಗೆ ಬಂತು. ಪತ್ರ ನನಗೆ ಸೋಮವಾರ ಸಿಕ್ಕಿತು ಅಂದರು ಯುಂಗ್. ನಾನು ಗುರುವಾರವೇ ಹಾಕಿದ್ದೆ ಅಂದರು ಫ್ರಾಯ್ಡ್. ಆಗ ಯುಂಗ್‌ಗೆ ನೆನಪಾಯಿತು: ಆ ಶನಿವಾರ, ಭಾನುವಾರ ನಾನು ಮನೆಯಲ್ಲೇ ಇರಲಿಲ್ಲ! ಅಲ್ಲೇ ಕ್ಷಮೆ ಕೇಳಿದರು. ಫ್ರಾಯ್ಡ್ ಕೇಳಿದ ಪ್ರಶ್ನೆ ಅವರ ಶಿಷ್ಯ, ಜೀವನಚರಿತ್ರೆ ಬರೆದ ಅರ್ನೆಸ್ಟ್ ಜೋನ್ಸ್ ಅವರ ಬರಹದಲ್ಲಿ ಉಳಿದಿದೆ. ಇಷ್ಟೆಲ್ಲ ಆರೋಪ ಮಾಡುವ ಮುಂಚೆ ಲಕೋಟೆಯ ಅಂಚೆ ಮುದ್ರೆ ಯಾಕೆ ನೋಡಲಿಲ್ಲ, ಪತ್ರ ಯಾವತ್ತು ಬಂತು ಅಂತ ಹೆಂಡತಿಯನ್ನಾದರೂ ಯಾಕೆ ಕೇಳಲಿಲ್ಲ?

ಎಷ್ಟು ಸರಿಯಾದ ಪ್ರಶ್ನೆ. ಅರ್ಧ ವರ್ಷದ ಮುನಿಸು ಒಂದು ಅಂಚೆ ಮುದ್ರೆ ನೋಡಿದ್ದರೆ ಹುಟ್ಟುತ್ತಲೇ ಇರಲಿಲ್ಲ. ಫ್ರಾಯ್ಡ್ ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಯುಂಗ್ ತಪ್ಪೊಪ್ಪಿಕೊಂಡ ಮೇಲೆ ಅವರ ದೋಷಗಳ ಬಗ್ಗೆ ಒಂದು ಉಪದೇಶವನ್ನೂ ಮಾಡಿದರು. ಆಮೇಲೆ ಊಟಕ್ಕೆ ಕೂತಾಗ ಈಜಿಪ್ಟಿನ ದೊರೆ ನಾಲ್ಕನೇ ಅಮೆನ್‌ಹೊಟೆಪ್ ಬಗ್ಗೆ ಮಾತು ಬಂತು, ಅಪ್ಪನ ಹೆಸರನ್ನು ಕಲ್ಲಿನಿಂದ ಅಳಿಸಿದ ಮಗನ ಕಥೆ. ಸ್ವಿಸ್ ಗೆಳೆಯರು ತಮ್ಮ ಲೇಖನಗಳಲ್ಲಿ ನನ್ನ ಹೆಸರನ್ನು ಬಿಡುತ್ತಿದ್ದಾರೆ ಅಂತ ಫ್ರಾಯ್ಡ್ ದೂರಿದರು. ಮಾತು ಬಿಸಿಯಾಯಿತು. ಫ್ರಾಯ್ಡ್ ಇದ್ದಕ್ಕಿದ್ದಂತೆ ಎಚ್ಚರ ತಪ್ಪಿ ಬಿದ್ದರು. ಅವರನ್ನು ಎತ್ತಿಕೊಂಡು ಹೋಗಿ ಸೋಫಾ ಮೇಲೆ ಮಲಗಿಸಿದವರು ಯುಂಗ್.

ರಾಜಿಯಾಯಿತು ಅಂತ ಇಬ್ಬರೂ ಅಂದುಕೊಂಡು ಊರಿಗೆ ಹೋದರು. ರಾಜಿ ಮೂರು ವಾರವೂ ಬಾಳಲಿಲ್ಲ. ಡಿಸೆಂಬರ್‌ನ ಒಂದು ಪತ್ರದಲ್ಲಿ ಯುಂಗ್, ಫ್ರಾಯ್ಡ್ ಬಳಗ ಬಿಟ್ಟು ಹೋಗಿದ್ದ ಆಡ್ಲರ್‌ನ ಗೆಳೆಯರೂ ನನ್ನನ್ನು "ಅವರವನು" ಅಂತ ಒಪ್ಪುವುದಿಲ್ಲ ಅಂತ ಬರೆಯಲು ಹೋಗಿ "ನಿಮ್ಮವನು" ಅಂತ ಬರೆದರು. ಜರ್ಮನ್‌ನಲ್ಲಿ ಎರಡಕ್ಕೂ ಕಾಗುಣಿತ ಒಂದೇ, ಮೊದಲಕ್ಷರ ದೊಡ್ಡದೋ ಚಿಕ್ಕದೋ ಅಷ್ಟೇ ಫರಕು. ಬೇರೆ ಯಾರೇ ಆದರೂ ಕೈತಪ್ಪು ಅಂತ ಬಿಡುತ್ತಿದ್ದರು. ಆದರೆ ಇಂಥ ಕೈತಪ್ಪಿನ ಹಿಂದೆ ಒಳಗಿನ ಆಸೆ ಇರುತ್ತದೆ ಅಂತ ಜಗತ್ತಿಗೆ ಹೇಳಿಕೊಟ್ಟವರೇ ಫ್ರಾಯ್ಡ್. ಡಿಸೆಂಬರ್ 16ಕ್ಕೆ ಅದನ್ನು ಎತ್ತಿ ತೋರಿಸಿ, ಸಿಟ್ಟು ಮಾಡಿಕೊಳ್ಳದೆ ಇದನ್ನು ನೋಡಬಲ್ಲಿರಾ ಅಂತ ಕೇಳಿದರು.

ಎರಡೇ ದಿನಕ್ಕೆ ಯುಂಗ್ ಸಿಡಿದರು. ಶಿಷ್ಯರನ್ನು ರೋಗಿಗಳ ಥರ ನೋಡುವ ನಿಮ್ಮ ರೀತಿಯೇ ತಪ್ಪು ಅಂದರು. ಅದರಿಂದ ಒಂದೋ ಗುಲಾಮರಂಥ ಮಕ್ಕಳು ಹುಟ್ಟುತ್ತಾರೆ, ಇಲ್ಲವೇ ಉದ್ಧಟರು. ಎಲ್ಲರ ಸಣ್ಣಪುಟ್ಟ ನಡತೆಯನ್ನೂ ಮೂಸಿ ಮೂಸಿ ಲಕ್ಷಣ ಹುಡುಕುತ್ತೀರಿ, ಎಲ್ಲರೂ ತಲೆ ತಗ್ಗಿಸಿ ತಪ್ಪೊಪ್ಪಿಕೊಳ್ಳಬೇಕು, ನೀವು ಮಾತ್ರ ಅಪ್ಪನ ಜಾಗದಲ್ಲಿ ಮೇಲೆ ಕೂತಿರುತ್ತೀರಿ. 1913ರ ಜನವರಿ 3ರಂದು ಫ್ರಾಯ್ಡ್ ಬರೆದರು: ನಮ್ಮ ಖಾಸಗಿ ಸಂಬಂಧವನ್ನು ಪೂರ್ತಿ ನಿಲ್ಲಿಸೋಣ. ಆ ಪತ್ರದಲ್ಲೂ, ಅಸಹಜವಾಗಿ ನಡೆದುಕೊಳ್ಳುತ್ತಾ ನಾನು ಸಹಜ ಅಂತ ಕೂಗುವವನಿಗೆ ತನ್ನ ಕಾಯಿಲೆಯ ಅರಿವಿಲ್ಲ ಅನ್ನುವ ಮಾತಿದೆ. ಬಿಡುವಾಗಲೂ ರೋಗನಿರ್ಣಯ ಬಿಡಲಿಲ್ಲ. ಯುಂಗ್ ಒಪ್ಪಿ ಎರಡು ಸಾಲು ಬರೆದರು.

ಯುಂಗ್‌ನ ಆರೋಪ ನನಗೆ ಸರಿ ಅನ್ನಿಸುತ್ತದೆ, ಆದರೆ ಅರ್ಧ ಮಾತ್ರ. ಜೂನ್ 8ರ ಪತ್ರದಲ್ಲಿ ಅವರೂ ಅದನ್ನೇ ಮಾಡಿದ್ದರು. ಇಬ್ಬರ ಕೈಯಲ್ಲೂ ಒಂದೇ ಆಯುಧ ಇತ್ತು: ನೀನು ಹೀಗೆ ಮಾಡಿದೆ, ಅದಕ್ಕೆ ಕಾರಣ ನಿನ್ನ ಒಳಗೆ ಇರುವ ಇಂಥದ್ದು, ನೀನು ಇಲ್ಲ ಅಂದರೆ ಅದೇ ಸಾಕ್ಷಿ. ಇಂಥ ಮಾತಿಗೆ ಎದುರಿನವರು ಏನು ಉತ್ತರ ಕೊಟ್ಟರೂ ಸಿಕ್ಕಿಬೀಳುತ್ತಾರೆ.

ಜಗಳದಿಂದ ಬಂದ ಟೈಪುಗಳು

1913ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲೇ ಸಂಘದ ಸಮ್ಮೇಳನ. ಯುಂಗ್ ಇನ್ನೂ ಅಧ್ಯಕ್ಷ. ಮರು ಆಯ್ಕೆಗೆ 52 ಜನ ಪರ, 22 ಜನ ಮತ ಹಾಕದೆ ಕೂತರು. ಅದೇ ಸಭೆಯಲ್ಲಿ ಯುಂಗ್ ಮನಸ್ಸಿನ ಎರಡು ಬಗೆಗಳ ಮೇಲೆ ಮಾತಾಡಿದರು. ಕೆಲವರ ಮನಸ್ಸಿನ ಶಕ್ತಿ ಹೊರಗಿನ ವಸ್ತು, ಜನರ ಕಡೆ ಹರಿಯುತ್ತದೆ. ಕೆಲವರದು ಒಳಕ್ಕೆ ತಿರುಗುತ್ತದೆ. ಫ್ರಾಯ್ಡ್ ಸಿದ್ಧಾಂತ ಮೊದಲ ಬಗೆಯದು, ಆಡ್ಲರ್ ಸಿದ್ಧಾಂತ ಎರಡನೇ ಬಗೆಯದು, ಎರಡಕ್ಕೂ ನ್ಯಾಯ ಕೊಡುವ ಮನಶ್ಶಾಸ್ತ್ರ ಬೇಕು ಅನ್ನುವುದು ಅವರ ವಾದ. ಆಮೇಲೆ ಇಬ್ಬರೂ ಮತ್ತೆ ಭೇಟಿಯಾಗಲೇ ಇಲ್ಲ.

ನಾನು ಫ್ರಾಯ್ಡ್‌ಗಿಂತ ಹೇಗೆ ಬೇರೆ ಅನ್ನುವ ಪ್ರಶ್ನೆಯಿಂದಲೇ ಈ ಟೈಪುಗಳ ಕೆಲಸ ಶುರುವಾಯಿತು ಅಂತ ಯುಂಗ್ ಆಮೇಲೆ ಬರೆದಿದ್ದಾರೆ. ಒಳ್ಳೆಯ ಪ್ರಶ್ನೆ. ಯಾರು ಸರಿ ಅನ್ನುವುದಕ್ಕಿಂತ ತುಂಬಾ ಒಳ್ಳೆಯದು. ಆದರೆ ಕೇಳಬೇಕಾದ ಮನುಷ್ಯ ದೂರವಾದ ಮೇಲೆ ಹುಟ್ಟಿದ ಪ್ರಶ್ನೆ.

ಈ ಜ್ಞಾನ ಇದ್ದರೆ ಮಾತುಕತೆ ಸುಲಭವಾಗುತ್ತದಾ? ಯುಂಗ್ ಅದನ್ನೂ ಪರೀಕ್ಷೆ ಮಾಡಿದರು. 1915ರಲ್ಲಿ ಬಾಸೆಲ್‌ನ ಡಾಕ್ಟರ್, ಗೆಳೆಯ ಹಾನ್ಸ್ ಶ್ಮಿಡ್ ಜೊತೆ ಪತ್ರ ಬರೆಯಲು ಶುರುಮಾಡಿದರು. ಯುಂಗ್ ಅಂತರ್ಮುಖಿ, ಯೋಚನೆಯ ಮನುಷ್ಯ. ಶ್ಮಿಡ್ ಬಹಿರ್ಮುಖಿ, ಭಾವನೆಯ ಮನುಷ್ಯ. ಇಬ್ಬರೂ ಒಪ್ಪಿಕೊಂಡೇ, ನಮ್ಮಿಬ್ಬರ ಟೈಪು ಹೇಗೆ ಬೇರೆ ಅಂತ ಪತ್ರದಲ್ಲೇ ಬಿಡಿಸೋಣ ಅಂತ ಹೊರಟರು. ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೇ? ಗೆಳೆತನ ಇದೆ, ಸಮಯ ಇದೆ, ವಿಷಯ ಇಬ್ಬರಿಗೂ ಗೊತ್ತಿದೆ.

ಅದೂ ಕೈಕೊಟ್ಟಿತು. ಯುಂಗ್‌ನ ಪತ್ರಗಳು ಬರಬರುತ್ತಾ ಪಾಠ ಹೇಳುವ ಧಾಟಿಗೆ ತಿರುಗಿದವು. ಶ್ಮಿಡ್‌ಗೆ ನೋವಾಯಿತು. ಒಂದು ಪತ್ರದಲ್ಲಿ ಶ್ಮಿಡ್ ಒಂದು ಚಿತ್ರ ಬರೆದರು: ಮೇಲಿನ ಸರೋವರದ (ಜ್ಯೂರಿಕ್ ಸರೋವರದ ಮೇಲ್ಭಾಗ) ದಡದಲ್ಲಿ ನೀನೊಂದು ಗೋಪುರದಲ್ಲಿ ಕೂತಿದ್ದೀಯ, ನಿನಗೆ ನೀನೇ ಸಾಕು, ಯಾರಿಗೂ ಗೆಳೆಯನಲ್ಲ. ಅಲ್ಲೊಬ್ಬ ಇಲ್ಲೊಬ್ಬ ಅಂತರ್ಮುಖಿಗಳು ತಮ್ಮ ತಮ್ಮ ಗೋಪುರಗಳಲ್ಲಿದ್ದು ದೂರದ ಮನುಷ್ಯರನ್ನು ಪ್ರೀತಿಸುತ್ತಾರೆ, ಹತ್ತಿರದವರಿಂದ ತಪ್ಪಿಸಿಕೊಳ್ಳುತ್ತಾರೆ. ಆಗೊಮ್ಮೆ ಈಗೊಮ್ಮೆ ಮೋಟಾರ್ ದೋಣಿಯಲ್ಲಿ ಬಂದು ಸರೋವರದ ಮಧ್ಯೆ ಭೇಟಿಯಾಗುತ್ತಾರೆ. ಯುಂಗ್ 1923ರಲ್ಲಿ ಬೊಲ್ಲಿಂಗನ್ ಅನ್ನುವ ಕಡೆ, ಅದೇ ಮೇಲಿನ ಸರೋವರದ ದಡದಲ್ಲಿ, ನಿಜವಾಗಿಯೂ ಗೋಪುರ ಕಟ್ಟಿಕೊಂಡರು! ಗೆಳೆಯ ಅವರನ್ನು ಎಷ್ಟು ಚೆನ್ನಾಗಿ ಓದಿದ್ದ ನೋಡಿ. ಆದರೆ ಓದಿದ್ದನ್ನು ಚುಚ್ಚಲು ಬಳಸಿದ್ದರಿಂದ ಮಾತು ಮುಂದುವರಿಯಲಿಲ್ಲ. 1916ರ ಹೊತ್ತಿಗೆ ಪತ್ರ ನಿಂತಿತು.

ಪೂರ್ತಿ ವ್ಯರ್ಥವಾಯಿತು ಅನ್ನಲಾರೆ. ಆಗ ಯುಂಗ್ ಅಂತರ್ಮುಖಿ ಅಂದರೆ ಯೋಚನೆ, ಬಹಿರ್ಮುಖಿ ಅಂದರೆ ಭಾವನೆ ಅಂತ ಜೋಡಿಸಿಟ್ಟಿದ್ದರು. 1921ರಲ್ಲಿ 'ಸೈಕಾಲಜಿಕಲ್ ಟೈಪ್ಸ್' ಪುಸ್ತಕ ಬರುವ ಹೊತ್ತಿಗೆ ಆ ಗಂಟು ಬಿಡಿಸಿದ್ದರು. ಒಳಮುಖ, ಹೊರಮುಖ ಒಂದು ಕಡೆ. ಯೋಚನೆ, ಭಾವನೆ, ಇಂದ್ರಿಯಗಳ ಅನುಭವ, ಒಳಹೊಳಹು ಇನ್ನೊಂದು ಕಡೆ. ಹಾಗೆ ಎಂಟು ಬಗೆ. ಮುನ್ನುಡಿಯಲ್ಲಿ ಶ್ಮಿಡ್‌ಗೆ ಕೃತಜ್ಞತೆ ಹೇಳಿದರು.

1923ರಲ್ಲಿ ಪುಸ್ತಕ ಇಂಗ್ಲಿಷಿಗೆ ಬಂತು. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಅದನ್ನು ಓದಿ ಹಚ್ಚಿಕೊಂಡರು. ಅವರು, ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಸೇರಿ ಎರಡನೇ ಮಹಾಯುದ್ಧದ ಕಾಲದಲ್ಲಿ ಅದನ್ನು ಪ್ರಶ್ನಾವಳಿಯಾಗಿ ಮಾಡಿದರು. ಇವತ್ತಿನ ಹದಿನಾರು ಟೈಪುಗಳ ಟೆಸ್ಟ್ ಅದೇ. ಅದು ಹುಟ್ಟುವ ಮುಂಚೆಯೇ, 1934ರಲ್ಲಿ, ತಮ್ಮ ಪುಸ್ತಕದ ಅರ್ಜೆಂಟೀನಾ ಆವೃತ್ತಿಯ ಮುನ್ನುಡಿಯಲ್ಲಿ ಯುಂಗ್ ಎಚ್ಚರಿಸಿದ್ದರು: ಜನರನ್ನು ನೋಡಿ ನೋಡಿ ಹಣೆಪಟ್ಟಿ ಹಚ್ಚುವುದು ಮಕ್ಕಳ ಆಟ ಅಷ್ಟೇ. ಪೂರ್ತಿ ಅಂತರ್ಮುಖಿ, ಪೂರ್ತಿ ಬಹಿರ್ಮುಖಿ ಅನ್ನುವವರು ಇಲ್ಲವೇ ಇಲ್ಲ ಅಂತಲೂ ಅವರು ಹೇಳುತ್ತಿದ್ದರು. ಇವತ್ತಿನ ಮನಶ್ಶಾಸ್ತ್ರಜ್ಞರು ಹೆಚ್ಚಾಗಿ ಬಳಸುವ ಐದು ಗುಣಗಳ ಮಾದರಿಯೂ ಇದನ್ನು ಎರಡು ಡಬ್ಬಿಗಳಾಗಿ ನೋಡುವುದಿಲ್ಲ, ಒಂದೇ ಅಳತೆಪಟ್ಟಿಯ ಮೇಲೆ ಯಾರು ಎಲ್ಲಿದ್ದಾರೆ ಅಂತ ನೋಡುತ್ತದೆ. ಬಹುತೇಕ ಜನ ಮಧ್ಯದಲ್ಲೇ ಇರುತ್ತಾರೆ.

ಫ್ರಾಯ್ಡ್ ಯಾವ ಟೈಪು? ಸಿದ್ಧಾಂತ ಬಹಿರ್ಮುಖಿಯದು ಅಂದ ಯುಂಗ್, ವಯಸ್ಸಾದ ಮೇಲೆ, ಫ್ರಾಯ್ಡ್ ಮೂಲತಃ ಅಂತರ್ಮುಖಿ, ಭಾವನೆಯ ಮನುಷ್ಯ ಅಂತ ಅಭಿಪ್ರಾಯಪಟ್ಟರು. ಇದನ್ನು ಒಪ್ಪಿದರೆ ಇಡೀ ಕಥೆ ಬೇರೆ ಕಾಣುತ್ತದೆ. ಜೂನ್ 13ರ ಆ ಪತ್ರ, ನಿಮಗೇ ಅನ್ನಿಸಿದ್ದರೆ ಸಂತೋಷವಾಗುತ್ತಿತ್ತು ಅನ್ನುವ ಸಾಲು, ಭಾವನೆಯನ್ನು ಒಳಗೇ ಇಟ್ಟುಕೊಂಡು ಯಾರಾದರೂ ಕಂಡುಕೊಳ್ಳಲಿ ಅಂತ ಕಾಯುವ ಮನುಷ್ಯನ ಸಾಲು. ಯುಂಗ್‌ಗೆ ಅದು 1912ರಲ್ಲಿ ಅಧಿಕಾರದ ದನಿಯಾಗಿ ಕೇಳಿಸಿತು.

ಯುಂಗ್ ಕೊನೆಗೂ ಬೇರೆ ಥರ ಮಾತಾಡಲು ಕಲಿತರಾ? ಇದಕ್ಕೆ ನಮ್ಮ ಮೈಸೂರಿನ ಒಂದು ಉದಾಹರಣೆ ಇದೆ. 1937ರ ಕೊನೆಯಲ್ಲಿ ಯುಂಗ್ ಭಾರತಕ್ಕೆ ಬಂದರು, ಕಲ್ಕತ್ತಾದಲ್ಲಿ ನಡೆಯುತ್ತಿದ್ದ ಇಂಡಿಯನ್ ಸೈನ್ಸ್ ಕಾಂಗ್ರೆಸ್ಸಿನ ಬೆಳ್ಳಿಹಬ್ಬಕ್ಕೆ. ಆಗ ಮೈಸೂರಿನಲ್ಲಿ ಕೆಲವು ದಿನ ವಿ. ಸುಬ್ರಹ್ಮಣ್ಯ ಅಯ್ಯರ್ ಅವರ ಅತಿಥಿಯಾಗಿದ್ದರು. ಅಯ್ಯರ್ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಗುರು, ಅದ್ವೈತಿ. ಇಬ್ಬರಿಗೂ ಒಂದು ಮೂಲ ವಿಷಯದಲ್ಲೇ ಹೊಂದಲಿಲ್ಲ. ನಾನು ಅನ್ನುವುದು ಹೋದ ಮೇಲೂ ಅರಿವು ಉಳಿಯುತ್ತದೆ ಅನ್ನುವುದು ಅಯ್ಯರ್ ಅವರ ದಾರಿ. ಅರಿಯುವ ಒಬ್ಬ ನಾನು ಇಲ್ಲದೆ ಅರಿವು ಹೇಗೆ ಇರುತ್ತದೆ ಅನ್ನುವುದು ಯುಂಗ್‌ನ ಪಟ್ಟು. ಫ್ರಾಯ್ಡ್ ಜೊತೆಗಿನ ಭೇದಕ್ಕಿಂತ ಇದು ದೊಡ್ಡದು. ಆದರೂ ಮುನಿಸು ಬರಲಿಲ್ಲ. ಯುಂಗ್ ಯೂರೋಪಿಗೆ ವಾಪಸ್ಸಾದ ಮೇಲೂ ಅಯ್ಯರ್‌ಗೆ ಪತ್ರ ಬರೆದರು. ನಿಮ್ಮ ಮಾತು ನನಗೆ ಇಂಥ ಜಾಗದಲ್ಲಿ ಅರ್ಥವಾಗುವುದಿಲ್ಲ ಅಂತ ಸಿದ್ಧಾಂತವನ್ನೇ ಮುಂದಿಟ್ಟು ವಾದ ಮಾಡಿದರು, ಅಯ್ಯರ್ ಅವರಿಗೆ ಯಾವ ಟೈಪನ್ನೂ ಅಂಟಿಸದೆ.